ಎರವಲು ಒತ್ತು

ನನ್ನ ಗಂಡನ ವೈಕುಂಠ ಸಮಾರಾಧನೆಗೆ ಬಂದ ನೆಂಟರು ಹೊರಟ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ನಾನು ಒಬ್ಬಳಿಗೇ ಕಾಫಿ ಮಾಡಿ ಕುಡಿದು, ಅವರು ಎರವಲು ತಂದಿದ್ದ ಒತ್ತನ್ನು ಬಟ್ಟೆಚೀಲದ ಸಮೇತ ವಾಲಗದ ಯಜಮಾನರಿಗೆ ಹಿಂದಿರುಗಿಸಲು ಹೋದೆ. ನಾಗಸ್ವರದ ಜೊತೆಗೆ ಒಂದೇ ಸ್ವರವನ್ನು ಬಿಡದೆ ಹಿಡಿಯುವ ಉದ್ದನೆಯ ವಾದ್ಯ ಅದು.

“ಮೇಳದಲ್ಲಿ ಅವರು ಚೆನ್ನಾಗಿ ಊದುತ್ತಿದ್ದರಾ?” ಎಂದು ಕೇಳಿದೆ. ಅದೊಂದು ನನಗೆ ತಿಳಿಯಲೇಬೇಕಿತ್ತು.

“ಏನವ್ವಾ ಹಿಂಗ್ ಕೇಳ್ತೀಯ? ಅವನು ಕೆನ್ನೆ ಉಬ್ಬಿಸಿದ ಅಂದ್ರೆ ತಾಳಿ ಕಟ್ಟಿ ಮುಗಿಯೋ ತನಕ ಇಳಿಸ್ತಿರಲಿಲ್ಲ. ಒಂದಿನ ಶ್ರುತಿ ತಪ್ಪಿಲ್ಲ. ‘ಅವನನ್ನ ನೋಡಿ ಕಲಿಯೋ’ ಅಂತ ನಮ್ಮ ಡೋಲಿನವನಿಗೂ ಬೈತಿದ್ದೆ.”

ಯಜಮಾನರು ಟವೆಲಿನಿಂದ ಕಣ್ಣೊರೆಸಿಕೊಂಡರು.

“ಅದೆಷ್ಟು ನಾಜೂಕು ಅಂತೀಯ! ಸದ್ದು ಹುಟ್ಟೋದೇ ತುದಿಗೆ ಸಿಕ್ಕಿಸಿ ಊದೋ ಪೀಪಿಯಿಂದ; ಅದನ್ನ ನಾವೆಲ್ಲ ತಿಂಗಳಿಗೊಂದು ಹಾಳು ಮಾಡ್ತೀವಿ. ಎಲ್ಲರಿಗೂ ಮಾಡ್ಕೊಡೋನು ನಾನೇ. ಎರಡು ವರ್ಷದಲ್ಲಿ ಅವನು ಇನ್ನೊಂದು ಕೇಳಲೇ ಇಲ್ಲ ಕಣವ್ವಾ.”

ನಾನು ಪರ್ಸು ತೆರೆದು, ನನ್ನ ಗಂಡ ಒತ್ತನ್ನು ಮನೆಗೆ ತಂದ ದಿನವೇ ಸದ್ದು ತಾಳಲಾರದೆ ಕಿತ್ತು ಬಚ್ಚಿಟ್ಟಿದ್ದ ಪೀಪಿಯನ್ನು ಯಜಮಾನರ ಕೈಗಿಟ್ಟೆ.