ಎರಡನೇ ಗುಂಡಿ

"ಮತ್ತೆ ಹಿಂದಕ್ಕಾ?" ಮಾವ ತೊಡೆಯ ಮೇಲಿದ್ದ ಹಲಗೆಯನ್ನು ಗುದ್ದಿದರು. "ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ! ನಾನು ಬಸ್ಸು ಓಡಿಸ್ತಿದ್ದಾಗ ಇಷ್ಟು ರಿವರ್ಸ್ ಹೊಡೆದಿದ್ರೆ ಡಿಪೋದಿಂದ ಆಚೆಗೇ ಬರ್ತಿರ್ಲಿಲ್ಲ."

ಸುತ್ತ ಕೂತವರು ನಕ್ಕರು. ಸೊಸೆ ನಗಲಿಲ್ಲ. ಅವಳ ಕಣ್ಣು ಫುಟ್‌ಬಾಲ್ ಮೈದಾನದ ಮೇಲೆ, ಬೆರಳು ಹಲಗೆಯ ಮೇಲಿನ ಅಂಗಿಗುಂಡಿಯ ಮೇಲೆ. ಕಣ್ಣು ಹೋದ ಅಪ್ಪನಿಗೆಂದು ಮಗ ಮಾಡಿಕೊಟ್ಟಿದ್ದ ಹಲಗೆ ಅದು. ಸುತ್ತ ಅಂಟಿಸಿದ ದಾರವೇ ಮೈದಾನದ ಗೆರೆ, ಎರಡು ತುದಿಯ ಬೆಂಕಿಕಡ್ಡಿಗಳೇ ಗೋಲು, ಗುಂಡಿಯೇ ಚೆಂಡು. ಚೆಂಡು ಹೋದಂತೆ ಗುಂಡಿ ಸರಿಸಬೇಕು. ಮಾವ ಅದರ ಮೇಲೆ ತೋರುಬೆರಳಿಟ್ಟು ಜೊತೆಗೆ ಹೋಗುತ್ತಾರೆ. ಹೋದ ವರ್ಷದವರೆಗೆ ಇದು ಮಗನ ಕೆಲಸವಾಗಿತ್ತು. ಅವನು ತೀರಿಕೊಂಡ ಮೇಲೆ ಸೊಸೆಯ ಪಾಲಿಗೆ ಬಂತು. ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟ್ ಬರೆಯುವವಳು, ಕಂಡದ್ದನ್ನಷ್ಟೇ ಬರೆದು ರೂಢಿ. ಇಲ್ಲೂ ಹಾಗೆಯೇ. ಚೆಂಡು ಎಲ್ಲೋ, ಗುಂಡಿ ಅಲ್ಲಿ.

ಊರಿನ ತಂಡ ಗೋಲು ಹೊಡೆದು ತಿಂಗಳುಗಳೇ ಆಗಿದ್ದವು. ಗೆರೆಯ ಆಚೆ ಕೋಚ್ ಕೈಕಟ್ಟಿ ನಿಂತಿದ್ದ. ಮೇಲಿನ ಸಾಲುಗಳಲ್ಲಿ "ಕೋಚ್, ಮನೆಗೆ ಹೋಗು" ಎಂಬ ಕೂಗು ಚಪ್ಪಾಳೆಯ ಜೊತೆ ಶುರುವಾಗಿತ್ತು.

"ಇವನು ಅಳತೆ ತಗೊಳ್ತಾನೆ, ತಗೊಳ್ತಾನೆ, ತಗೊಳ್ತಾನೇ ಇರ್ತಾನೆ," ಎಂದ ಹಿಂದಿನ ಸಾಲಿನ ಟೈಲರ್. "ಬಟ್ಟೆಗೆ ಕತ್ತರಿ ಹಾಕೋ ಧೈರ್ಯ ಮಾತ್ರ ಇಲ್ಲ."

ಮಾವ ಗುಂಡಿಯಿಂದ ಬೆರಳು ತೆಗೆದರು. "ಸಾಕಮ್ಮ. ಮುಂದಿನ ವಾರದಿಂದ ಬರೋದು ಬೇಡ. ಮುಂದಕ್ಕೆ ಹೋಗೋ ಯೋಚನೇನೇ ಇಲ್ಲದವರ ಆಟ ಕಟ್ಕೊಂಡು ನಮಗೇನಾಗ್ಬೇಕು?"

ಅವಳ ಬೆರಳು ನಿಂತಿತು. ಇಬ್ಬರೂ ಒಟ್ಟಿಗೆ ಮನೆಯಿಂದ ಹೊರಗೆ ಬರುತ್ತಿದ್ದುದು ಇದೊಂದಕ್ಕೇ. ನಾಲ್ಕು ಮಾತು ಆಡುತ್ತಿದ್ದುದೂ ಇಲ್ಲಿಯೇ. ಮನೆಯಲ್ಲಿ ಊಟಕ್ಕೆ ಕರೆದರೆ ಒಂದು 'ಹೂಂ', ಮಾತ್ರೆ ಕೊಟ್ಟರೆ ಒಂದು 'ಹೂಂ'. ಇದೂ ತಪ್ಪಿದರೆ ಆ ಮನೆಯಲ್ಲಿ ಎರಡು ಕುರ್ಚಿ ಉಳಿಯುತ್ತವೆ, ಅಷ್ಟೇ.

"ಇನ್ನೂ ಅರ್ಧ ಆಟ ಇದೆ, ಮಾವ."

"ಇರ್ಲಿ ಬಿಡು."

ಅಷ್ಟರಲ್ಲಿ ಟೈಲರ್ ಎದ್ದು ನಿಂತು ಕಿರುಚಿದ. "ಎಡಕ್ಕೆ ನೋಡ್ರೋ, ಎಡಕ್ಕೆ! ಪಾಪ, ಕೈ ಎತ್ಕೊಂಡು ಓಡ್ತಾನೇ ಇದ್ದಾನೆ, ಒಬ್ಬನ ಕಣ್ಣಿಗೂ ಬೀಳಲ್ವೇನ್ರೋ?"

ಮಾವನ ಮುಖ ಅತ್ತ ತಿರುಗಿತು. "ಯಾರಪ್ಪಾ ಓಡ್ತಿರೋದು?"

"ಎಡಗಡೆ ಫಾರ್ವರ್ಡು, ಯಜಮಾನ್ರೇ. ಇವತ್ತೊಂದಿನ ಅಲ್ಲ, ಸೀಸನ್ ಪೂರ್ತಿ ಓಡಿದ್ದಾನೆ. ಗೋಡೆ ಗಡಿಯಾರ ಬೇಕಾದ್ರೆ ನಿಂತೀತು, ಅವನು ನಿಲ್ಲಲ್ಲ."

"ಹೌದೇನಮ್ಮಾ?"

ಸೊಸೆ ತಲೆಯಾಡಿಸಿದಳು. ಅದು ಅವರಿಗೆ ಕಾಣದೆಂದು ಹೊಳೆದು, "ಹೌದು," ಎಂದಳು.

"ನೀನು ನೋಡ್ತಿದ್ಯಾ?"

"ಪ್ರತಿ ಸಲ ನೋಡಿದೀನಿ."

"ಮತ್ತೆ ಹೇಳ್ಲೇ ಇಲ್ವಲ್ಲ?"

"ಅವನಿಗೆ ಚೆಂಡು ಬರ್ಲೇ ಇಲ್ವಲ್ಲ, ಮಾವ. ಆಗದೇ ಇದ್ದದ್ದನ್ನ ಏನಂತ ಹೇಳೋದು?"

ಬೈಯುತ್ತಾರೆ ಅಂದುಕೊಂಡಳು. ಮಾವ ಬೈಯಲಿಲ್ಲ. ಹಲಗೆಯ ದಾರವನ್ನು ಸವರಿದರು.

"ನಿನ್ನ ಗಂಡ ಗುಂಡಿ ಸರಿಸ್ತಾ ಸರಿಸ್ತಾ ಉಳಿದವರನ್ನೆಲ್ಲ ಬಾಯಲ್ಲಿ ಓಡಿಸ್ತಿದ್ದ," ಎಂದರು. "ಚೆಂಡೊಂದೇ ಆಟ ಅಲ್ಲ ಕಣಮ್ಮ. ಒಬ್ಬ ಓಡ್ತಿದ್ದಾನೆ ಅಂದ್ರೆ, ಓಡು ಅಂತ ಹೇಳ್ಕೊಟ್ಟೋನೂ ಇದ್ದಾನೆ. ಅಲ್ಲ, ಇಷ್ಟು ದಿನ ಆ ಕೋಚ್‌ಗೆ ಬಾಯಿಗೆ ಬಂದಂಗೆ ಬೈದ್ನಲ್ಲ ನಾನು!"

"ಬೈದದ್ದೇನೂ ದಂಡ ಆಗಿಲ್ಲ ಬಿಡಿ," ಟೈಲರ್ ಹಿಂದಿನಿಂದ ಬಗ್ಗಿದ. "ಒಬ್ಬನಿಗೆ ಓಡೋಕೆ ಕಲಿಸಿ, ಉಳಿದವರಿಗೆ ಕೊಡೋಕೆ ಕಲಿಸದೇ ಇದ್ದೋನನ್ನ ಏನು ಮುದ್ದಾಡ್ಬೇಕಾ?" ಜೇಬು ತಡಕಿ ದೊಡ್ಡದೊಂದು ಕೋಟಿನ ಗುಂಡಿ ತೆಗೆದು ಹಲಗೆಯ ಮೇಲಿಟ್ಟ. "ತಗೊಳ್ಳಿ, ಇವನೇ ಎಡಗಡೆಯವನು. ಕಳೀಬೇಡಿ ಮತ್ತೆ, ಗಿರಾಕಿದು."

ಅವಳು ಅದನ್ನು ಎಡ ಅಂಚಿಗೆ ಸರಿಸಿದಳು. ಮಾವ ಚೆಂಡನ್ನು ಬಿಟ್ಟು ಅದರ ಮೇಲೆಯೇ ಬೆರಳಿಟ್ಟರು.

"ಹೊರಟ... ಒಬ್ಬನನ್ನ ದಾಟಿದ... ಕೈ ಎತ್ತಿದ್ದಾನೆ, ಮಾವ, ಜಾಗ ಖಾಲಿ ಇದೆ..." ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು.

"ಚೆಂಡು?"

"ಹಿಂದಕ್ಕೆ ಹೋಯ್ತು."

"ಹಾಳಾಗ್ಹೋಗ್ಲಿ! ಅವನೇನು ಮಾಡ್ತಿದ್ದಾನೆ?"

"ಕೈ ಇಳಿಸಿದ. ವಾಪಸ್ ನಡ್ಕೊಂಡು ಬರ್ತಿದ್ದಾನೆ."

ದೊಡ್ಡ ಗುಂಡಿ ನಿಧಾನವಾಗಿ ಹಿಂದೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ನಡುವೆ ಎದುರಾಳಿಗಳು ಒಂದು ಗೋಲು ಹೊಡೆದರು, ಆಮೇಲೆ ಇನ್ನೊಂದು. ಜನ ಬೈಯುತ್ತ ಎದ್ದು ಹೊರಡತೊಡಗಿದರು. ಗಿರಾಕಿಯ ಗುಂಡಿ ಮರೆತು ಟೈಲರ್ ಕೂಡ ಹೋಗಿಬಿಟ್ಟಿದ್ದ. ಕೋಚ್ ಮಾತ್ರ ಅಲ್ಲೇ ಗೆರೆಯ ಆಚೆ, ಕಟ್ಟಿದ ಕೈ ಬಿಚ್ಚದೆ ನಿಂತಿದ್ದ.

ಮಾವ ಏಳಲಿಲ್ಲ. "ಇನ್ನೊಂದು ಸಲ ಓಡ್ತಾನೇನಮ್ಮಾ?"

ಅವಳು ನೋಡಿದಳು. ಮೈದಾನದ ಎಡ ಅಂಚಿನಲ್ಲಿ ಅವನು ಮಂಡಿಗೆ ಕೈಯೂರಿ, ಬೆನ್ನು ಬಾಗಿಸಿ, ನೆಲ ನೋಡುತ್ತ ನಿಂತಿದ್ದ.

"ಓಡ್ದ, ಮಾವ," ಎಂದು ಅವಳು ಗುಂಡಿಯನ್ನು ಮುಂದಕ್ಕೆ ತಳ್ಳಿದಳು.