ಮಾವನ ಗಿಟಾರು

ಆಚಾರಿಯ ಅಂಗಡಿಯಲ್ಲಿ ಲವೀನಾ ಬೆಡ್‌ಶೀಟಿನ ಗಂಟು ಬಿಚ್ಚಿದಳು. ಒಳಗೆ ತೀರಿಕೊಂಡ ಮಾವನ ಗಿಟಾರು ಎರಡು ತುಂಡಾಗಿ ಮಲಗಿತ್ತು. ಅವಳು ಧೂಳು ಒರೆಸುವಾಗ ಗೋಡೆಯ ಮೊಳೆ ಕಿತ್ತುಬಂದು ಗಿಟಾರು ಕೆಳಗೆ ಬಿದ್ದಿತ್ತು. ಅತ್ತೆ ದಿನಾ ಅದರ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದರು, ಬೇರೆ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ.

“ಇದೇ ತರದ್ದು ಹೊಸದು ಮಾಡಿಕೊಡಿ ಆಚಾರ್ರೇ. ಈ ಗೀರು, ಈ ಮಾಸಿದ ಬಣ್ಣ, ಎಲ್ಲ ಹೀಗೇ ಇರ್ಬೇಕು. ಅತ್ತೆ, ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಿದ್ದಾರೆ, ಕ್ರಿಸ್‌ಮಸ್ಸಿಗೆ ಬರ್ತಾರೆ. ಗೊತ್ತಾದ್ರೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಲಿಕ್ಕಿಲ್ಲ.”

ಗಿಟಾರು ಮಾಡುವ ಮುದುಕ ಆಚಾರಿ ಮುರಿದ ಹೊಟ್ಟೆಯೊಳಗೆ ಬೆರಳು ತೂರಿಸಿ ತಡವಿದರು. ತಾವು ಮಾಡಿದ ಪ್ರತಿ ವಾದ್ಯದೊಳಗೂ ಯಾರಿಗೂ ಕಾಣದಂತೆ ಹಲಸಿನ ಮರದ ಚಕ್ಕೆಯೊಂದನ್ನು ಅಂಟಿಸುವುದು ಅವರ ರೂಢಿ. ಬೆರಳು ಒಂದು ಕಡೆ ಚಕ್ಕೆಗೆ ತಾಗಿ ನಿಂತಿತು.

“ಮಾಡಿಕೊಡ್ತೇನೆ. ಹೆದರ್ಬೇಡಿ, ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.”

“ನಿಮಗೆ ನನ್ನ ಅತ್ತೆ ಗೊತ್ತಿಲ್ಲ. ಕಣ್ಣು ಮುಚ್ಚಿ ಸವರಿದ್ರೂ ಅವರಿಗೆ ಗೊತ್ತಾಗ್ತದೆ.”

“ಗೊತ್ತುಂಟು,” ಎಂದರು ಆಚಾರಿ. “ನಿಮ್ಮ ಮಾವ ಬದುಕಿದ್ದಾಗ ಅವರ ಗಿಟಾರು ಒಡೆದುಹಾಕಿ, ಅವರಿಗೆ ಗೊತ್ತಾಗಬಾರದು ಅಂತ ನಡುಗಿಕೊಂಡು ಬಂದು ಇದನ್ನು ಮಾಡಿಸಿಕೊಂಡು ಹೋದದ್ದು ನಿಮ್ಮ ಅತ್ತೆಯೇ ಅಲ್ವಾ.”