ಮೋಹನರಾಜನ ಹಲ್ವ

ಹ್ಯೂಸ್ಟನ್ನಿನ ಟರ್ಕಿ ಮೇಳದಲ್ಲಿ ಚಂದ್ರಮೋಹನ ಅಕ್ಕನ ಕೈಗೆ ಒಂದಾದ ಮೇಲೊಂದು ತಿಂಡಿ ತುರುಕುತ್ತಿದ್ದ. ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು, ಪಾಲಕ್ ತುಂಬಿದ ರೊಟ್ಟಿ, ಉಪ್ಪು ಹಾಕಿದ ಮಜ್ಜಿಗೆ. ಮೈಸೂರಿನಿಂದ ಬಂದವಳಿಗೆ ಊರು ತೋರಿಸುವುದು ನೆಪ. ಬಾಯಿ ತುಂಬಿದ್ದರೆ ಅವಳು ಆ ಮಾತು ಎತ್ತಲಾರಳು ಎಂಬುದು ಅವನ ಲೆಕ್ಕಾಚಾರ.

ಆ ಮಾತೆಂದರೆ ಅವಳ ಮಾಜಿ ಗಂಡ ಮೋಹನರಾಜ ಸತ್ತ ಸುದ್ದಿ. ಹಿಂದಿನ ದಿನ ಕಾಲಿಂಗ್ ಕಾರ್ಡಿನಲ್ಲಿ ಊರಿಗೆ ಫೋನ್ ಮಾಡಿದಾಗ ತಿಳಿದಿತ್ತು. ಕುಮುದಾ ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಂಡು ಬಂದರೆ ತಮ್ಮ ಗದರಿದ್ದ: ಡೈವೋರ್ಸ್ ಆಗಿ ಎಷ್ಟು ಕಾಲವಾಯಿತು, ನಿನಗೆಂಥ ಸೂತಕ, ಪೀಡೆ ತೊಲಗಿತು ಅನ್ನು. ಹೊಂದಿಕೆಯಾಗದೆ ಬೇರೆಯಾದದ್ದು ಅವರಿಬ್ಬರು. ಹಗೆ ಸಾಧಿಸಿದವನು ಮಾತ್ರ ಈ ತಮ್ಮ. ಜೊತೆಗೆ ಬಾಳಿದವನು ಸತ್ತರೆ ಅಳುವುದಕ್ಕೂ ಇವನ ಅಪ್ಪಣೆ ಬೇಕೇ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೂಲೆಯ ಅಂಗಡಿಯಲ್ಲಿ ಟರ್ಕಿಯ ಹೆಂಗಸೊಬ್ಬಳು ದೊಡ್ಡ ಬಾಣಲೆಗೆ ಬೆಣ್ಣೆ ಹಾಕಿ ರವೆ ಹುರಿಯುತ್ತಿದ್ದಳು. ಥೇಟ್ ನಮ್ಮ ಸಜ್ಜಿಗೆ ಎಂದು ಚಂದ್ರಮೋಹನ ಹಿಗ್ಗಿದ. ಇದು ಹಲ್ವ ಎಂದಳು ಆಕೆ. ಇಲ್ಲೇನೋ ಮಾರುತ್ತೇವೆ, ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಇದನ್ನೇ ಮಾಡುವುದು. ಮನೆಯವರೆಲ್ಲ ಹೋದವರನ್ನು ನೆನೆಯುತ್ತ ಕೈಯಾಡಿಸಿ, ಬಂದವರಿಗೆ ಹಂಚುತ್ತೇವೆ ಎಂದು ವಿವರಿಸಿದಳು.

ಕುಮುದಾ ಮಜ್ಜಿಗೆ ಲೋಟವನ್ನು ತಮ್ಮನ ಕೈಗಿಟ್ಟು ಸೆರಗು ಸಿಕ್ಕಿಸಿದಳು. ತಾನೂ ಕೈಯಾಡಿಸಬಹುದೇ ಎಂದು ಕೇಳಿ, ಸೌಟು ತೆಗೆದುಕೊಂಡೇಬಿಟ್ಟಳು.

"ಅಕ್ಕಾ, ಬಾ ಈಚೆ. ಜನ ನೋಡ್ತಿದಾರೆ."

"ನೋಡ್ಲಿ."

"ಕೋರ್ಟೇ ಬಿಡಿಸಿದೆ ನಿಮ್ಮನ್ನ. ನೀನು ಅವನಿಗೆ ಏನೂ ಅಲ್ಲ."

"ಒಟ್ಟಿಗೆ ಇರಬೇಡಿ ಅಂತು ಕೋರ್ಟು. ಅಳಬೇಡ ಅಂತ ಹೇಳಿದ್ದು ನೀನು ಕಣೋ."

ರವೆ ಕೆಂಪಗಾಯಿತು. ಸಕ್ಕರೆ ಹಾಕಿದ ಹಾಲು ಬಿದ್ದು ಹಬೆ ಎದ್ದಾಗ ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಯಾರು ಹೋದದ್ದು ಎಂದು ಆ ಹೆಂಗಸು ಮೆಲ್ಲಗೆ ಕೇಳಿದಳು. ಯಾರೂ ಇಲ್ಲ, ನಮ್ಮವರು ಯಾರೂ ಇಲ್ಲ ಎಂದು ಚಂದ್ರಮೋಹನ ಇಂಗ್ಲಿಷಿನಲ್ಲಿ ಅವಸರವಾಗಿ ನಡುವೆ ಬಾಯಿ ಹಾಕಿದ.

"ಮೈ ಹಸ್ಬೆಂಡ್," ಎಂದಳು ಕುಮುದಾ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ.

ಮೊದಲ ಕಪ್ಪು ತುಂಬಿ ತಮ್ಮನ ಮುಂದೆ ಹಿಡಿದಳು. "ತಗೋ. ನಿಮ್ಮ ಭಾವನ ಹೆಸರಲ್ಲಿ."

ಅವನು ಕೈ ನೀಡಲಿಲ್ಲ. ಅವಳು ಚಾಚಿದ ಕೈ ಹಿಂದಕ್ಕೆಳೆಯಲಿಲ್ಲ. ಅವನ ಬೆನ್ನ ಹಿಂದೆ ಹಲ್ವಕ್ಕಾಗಿ ನಿಂತವರ ಸಾಲು ಬೆಳೆಯುತ್ತಲೇ ಇತ್ತು.